ನೆಲದಲ್ಲಿರುವ ಪ್ಲಗ್ ಪಾಯಿಂಟ್: ಇಟ್ಟುಕೊಳ್ಳೋದಾ, ಸರಿಸೋದಾ, ಕಿತ್ತು ಮುಚ್ಚೋದಾ?

ಮನೆ ಕಟ್ಟಿಸುವಾಗ ಹಾಲ್‌ ನಡುವೆ ನೆಲದಲ್ಲೊಂದು ಪ್ಲಗ್ ಪಾಯಿಂಟ್ ಇರಲಿ ಅನ್ನಿಸುತ್ತದೆ. ಸೋಫಾ ಪಕ್ಕ ಲ್ಯಾಪ್‌ಟಾಪಿಗೆ, ಡೈನಿಂಗ್ ಟೇಬಲ್ ಕೆಳಗೆ ಇಂಡಕ್ಷನ್ ಸ್ಟವ್‌ಗೆ, ಅಂಗಡಿಯಾದರೆ ಬಿಲ್ಲಿಂಗ್ ಕೌಂಟರಿಗೆ. ಕೆಲವು ವರ್ಷ ಕಳೆದ ಮೇಲೆ ಸೋಫಾ ಆ ಗೋಡೆಗೆ ಹೋಗುತ್ತದೆ, ಟೇಬಲ್ ಈ ಮೂಲೆಗೆ ಬರುತ್ತದೆ. ಪ್ಲಗ್ ಮಾತ್ರ ಓಡಾಡುವ ದಾರಿಯಲ್ಲೇ ಉಳಿಯುತ್ತದೆ. ನೆಲ ಒರೆಸುವವರಿಗೆ ಭಯ. ಅಂಬೆಗಾಲಿಡುವ ಮಗುವಿದ್ದರೆ ಕೇಳುವುದೇ ಬೇಡ.

ಆಗ ಎಲೆಕ್ಟ್ರಿಷಿಯನ್‌ನ ಕರೆದು ಎಲ್ಲರೂ ಕೇಳುವುದು ಒಂದೇ: ‘ಇದನ್ನ ತೆಗೀಬಹುದಾ?’ ತೆಗೆಯಬಹುದು. ಪೆಟ್ಟಿಗೆ ತೆಗೆಯುವುದು ಸುಲಭದ ಕೆಲಸ. ತಲೆನೋವು ಇರುವುದು ಆ ಪೆಟ್ಟಿಗೆಗೆ ವೈರ್ ಎಲ್ಲಿಂದ ಬಂದಿದೆ, ಅದರ ಸುತ್ತ ಇರುವ ನೆಲ ಯಾವುದು ಅನ್ನುವುದರಲ್ಲಿ. ಈ ಎರಡು ಗೊತ್ತಾದರೆ ಯಾವ ದಾರಿ ಹಿಡಿಯಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ಖರ್ಚು ಹೆಚ್ಚಾಗುವುದೂ ನೆಲದ ಕಡೆಯಿಂದಲೇ. ವೈರು, ಸಾಕೆಟ್ಟು ಅದರ ಮುಂದೆ ಪುಡಿಗಾಸು.

ನಮ್ಮ ಕಡೆ ಇನ್ನೊಂದು ಲೆಕ್ಕವೂ ಇದೆ, ಮಳೆಯದ್ದು. ಅರಸೀಕೆರೆಯಲ್ಲೋ ಕಡೂರಲ್ಲೋ ಇರುವ ಮನೆಗೆ ಹೇಳುವ ಮಾತನ್ನೇ ಸಕಲೇಶಪುರದ, ಮೂಡಿಗೆರೆಯ ಮನೆಗೆ ಹೇಳುವ ಹಾಗಿಲ್ಲ. ಅರಸೀಕೆರೆ, ಸಕಲೇಶಪುರ ಎರಡೂ ಹಾಸನ ಜಿಲ್ಲೆ, ಕಡೂರು, ಮೂಡಿಗೆರೆ ಎರಡೂ ಚಿಕ್ಕಮಗಳೂರು ಜಿಲ್ಲೆ. ಆದರೇನು, ಆ ಕಡೆ ನೆಲ ಒಣಗಿರುತ್ತದೆ, ಈ ಕಡೆ ಆರಿದ್ರಾ ಮಳೆಯಿಂದ ಆಶ್ಲೇಷ ಮಳೆಯವರೆಗೆ ನೆಲವೇ ಬೆವರುತ್ತದೆ.

ಮೊದಲು ಮುಚ್ಚಳ ಬಿಚ್ಚಿ ನೋಡಬೇಕು

ಬಿಚ್ಚುವ ಮುಂಚೆ ಕರೆಂಟ್ ನಿಜವಾಗಲೂ ಆಫ್ ಆಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಮೈನ್ ಆಫ್ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಮ್ಮ ಊರುಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಹುಡುಕಬೇಕು. ಮೈನ್ ಇಳಿಸಿದ ತಕ್ಷಣ ಇನ್ವರ್ಟರ್ ಎದ್ದು ಕೂರುತ್ತದೆ. ಹಾಲ್‌ನ ಪ್ಲಗ್‌ಗಳು ಅದರ ಲೈನ್‌ನಲ್ಲಿದ್ದರೆ ನೆಲದ ಸಾಕೆಟ್‌ನಲ್ಲಿ 230 ವೋಲ್ಟ್ ಹಾಗೇ ಇರುತ್ತದೆ. ಮೈನ್, ಇನ್ವರ್ಟರ್ ಎರಡನ್ನೂ ಆಫ್ ಮಾಡಿ. ಬರೀ ಟೆಸ್ಟರ್ ನಂಬಬೇಡಿ. ಹೋಲ್ಡರ್‌ಗೆ ಎರಡು ವೈರ್ ಸಿಕ್ಕಿಸಿದ ಬಲ್ಬ್ ಎಲ್ಲ ಎಲೆಕ್ಟ್ರಿಷಿಯನ್‌ಗಳ ಚೀಲದಲ್ಲೂ ಇರುತ್ತದೆ. ಅದನ್ನು ಮೊದಲು ಕರೆಂಟ್ ಇರುವ ಬೇರೆ ಸಾಕೆಟ್‌ಗೆ ಕೊಟ್ಟು ಉರಿಯುತ್ತದಾ ನೋಡಿ, ಮೇನ್ ಇಳಿಸಿದ ಮೇಲೆ ಇಲ್ಲಿ ಕೊಡಬೇಕು. ಫೇಸ್–ನ್ಯೂಟ್ರಲ್ ನಡುವೆ ಒಂದು ಸಲ, ಫೇಸ್–ಅರ್ತ್ ನಡುವೆ ಇನ್ನೊಂದು ಸಲ.

ಒಳಗೆ ಏನು ಕಾಣುತ್ತದೆ ಅನ್ನುವುದೇ ಅರ್ಧ ಉತ್ತರ. ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ಜುಲೈ ತಿಂಗಳಲ್ಲಿ ತೆಗೆದಾಗ ಹಿತ್ತಾಳೆ ಮುಚ್ಚಳದ ಒಳಮೈ ತುಂಬ ನೀರಿನ ಹನಿ. ಟರ್ಮಿನಲ್ ಸ್ಕ್ರೂಗಳ ಮೇಲೆ ಹಸಿರು ಕಿಲುಬು, ಪೆಟ್ಟಿಗೆಯ ತಳದಲ್ಲಿ ಸತ್ತ ಇರುವೆಗಳ ಜೊತೆ ಬೂದು ಬಣ್ಣದ ಕೆಸರು. ಮೇಲಿಂದ ಯಾರೂ ನೀರು ಚೆಲ್ಲಿರಲಿಲ್ಲ. ಗೋಡೆಯ ಬೋರ್ಡಿನಿಂದ ಇಳಿದು ಬರುವ ಪೈಪಿಗೆ ನೆಲದ ಪೆಟ್ಟಿಗೆಯೇ ಅತಿ ತಗ್ಗಿನ ಜಾಗ. ಪೈಪಿನೊಳಗಿನ ತೇವವೆಲ್ಲ ಹನಿಯಾಗಿ ಅಲ್ಲಿಗೇ ಇಳಿಯುತ್ತದೆ. ನೆಲಮಹಡಿಯಾದರೆ ಮಣ್ಣಿನ ಥಂಡಿ ಬೇರೆ ಕೆಳಗಿಂದ ಏರುತ್ತದೆ. ಪೈಪ್ ಜಾಯಿಂಟ್‌ಗೆ ಸೊಲ್ಯೂಷನ್ ಹಚ್ಚದೆ ಸುಮ್ನೆ ತುರುಕಿದ್ದರೆ ಆ ಸಂದಿಯಿಂದಲೂ ಒಳಗೆ ಬರುತ್ತದೆ.

ಆ ಮನೆಯ ಕಷ್ಟ ಏನಿತ್ತು ಅಂದರೆ ಮಳೆಗಾಲ ಪೂರ್ತಿ ಆರ್‌ಸಿಸಿಬಿ, ಅಂದರೆ ಕರೆಂಟ್ ಅರ್ತ್‌ಗೆ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಟ್ರಿಪ್ ಆಗುತ್ತಿತ್ತು.

‘ಅಣ್ಣಾ, ಆ ಪ್ಲಗ್ಗಿನ ಎಂಸಿಬಿ ಆಫ್ ಮಾಡಿಟ್ಟು ತಿಂಗಳಾಯ್ತು. ಆದ್ರೂ ಯಾಕೆ ಟ್ರಿಪ್ ಆಗುತ್ತೆ?’ ಅಂತ ಮನೆಯಾಕೆ ಕೇಳಿದರು.

‘ಅಕ್ಕಾ, ಎಂಸಿಬಿ ಕಟ್ ಮಾಡೋದು ಫೇಸ್ ಒಂದನ್ನೇ. ನ್ಯೂಟ್ರಲ್ ಹಂಗೇ ಇರುತ್ತಲ್ಲ. ಅದು ಒದ್ದೆ ಜಾಗದಲ್ಲಿ ಅರ್ತಿಗೆ ತಾಗ್ತಿದೆ.’

ಇದು ತುಂಬ ಜನಕ್ಕೆ ಗೊತ್ತಿರದ ವಿಷಯ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಒಂಟಿ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಗೋಡೆಯ ಸ್ವಿಚ್, ಎರಡೂ ಫೇಸ್ ಮಾತ್ರ ತುಂಡು ಮಾಡುತ್ತವೆ. ನ್ಯೂಟ್ರಲ್ ಮತ್ತು ಅರ್ತ್ ಒದ್ದೆಯಲ್ಲಿ ಕೂಡಿಕೊಂಡರೆ, ಮನೆಯ ಬೇರೆ ಕಡೆ ಫ್ರಿಜ್ಜೋ ಗೀಸರೋ ಓಡುವಾಗ ಅದರ ಕರೆಂಟ್‌ನ ಒಂದು ಪಾಲು ಅರ್ತ್ ಮೂಲಕ ವಾಪಸ್ ಹೋಗುತ್ತದೆ. ಹೋದದ್ದು ಬಂದದ್ದು ಸರಿಹೊಂದದೆ ಆರ್‌ಸಿಸಿಬಿ ಬೀಳುತ್ತದೆ. ಅಂದರೆ ‘ಸ್ವಿಚ್ ಆಫ್ ಮಾಡಿ ಬಿಟ್ಟುಬಿಡೋಣ’ ಅನ್ನುವುದು ಒಂದು ಆಯ್ಕೆಯೇ ಅಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಮೂಲದಲ್ಲೇ ಬಿಡಿಸಬೇಕು.

ಮುಚ್ಚಳ ತೆಗೆದಾಗ ವೈರ್ ಎಣಿಸುವುದನ್ನೂ ಮರೆಯಬೇಡಿ. ಪೆಟ್ಟಿಗೆಗೆ ಮೂರೇ ವೈರ್ ಬಂದಿದ್ದರೆ ಲೈನ್ ಅಲ್ಲಿಗೆ ಮುಗಿದಿದೆ ಅಂತ, ಕೆಲಸ ಹಗುರ. ಒಂದೊಂದು ಬಣ್ಣದ್ದೂ ಎರಡೆರಡು ಇದ್ದರೆ ಲೂಪ್ ಹೊಡೆದಿದ್ದಾರೆ ಅಂತ, ಇಲ್ಲಿಂದ ಮುಂದೆ ಇನ್ನೊಂದು ಪ್ಲಗ್‌ಗೆ ಕರೆಂಟ್ ಹೋಗಿದೆ. ಅದನ್ನು ನೋಡದೆ ಕಿತ್ತರೆ ಟಿವಿ ಬೋರ್ಡೋ ದೇವರ ಮನೆಯ ಪ್ಲಗ್ಗೋ ಸತ್ತು ಕೂರುತ್ತದೆ. ಹಳೆ ಮನೆಗಳಲ್ಲಿ ಬಣ್ಣವನ್ನೂ ನಂಬುವಂತಿಲ್ಲ. ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಅನ್ನುವುದು ಪದ್ಧತಿ. ಆವತ್ತು ಕೈಗೆ ಸಿಕ್ಕ ಕಾಯಿಲ್ ಎಳೆದವರೂ ಇದ್ದಾರೆ.

ಇರುವಲ್ಲೇ ಇಟ್ಟುಕೊಳ್ಳುವುದು

ದಿನಾ ಬಳಸುತ್ತೀರಾ? ಪೆಟ್ಟಿಗೆ ಒಳಗೆ ಒಣಗಿದೆಯಾ? ಮಹಡಿ ಮೇಲಿನ ಕೋಣೆಯಾ? ಮೂರಕ್ಕೂ ಹೌದು ಅಂದರೆ ಕೀಳುವ ಗೋಜಿಗೆ ಹೋಗಬೇಡಿ. ಮುಚ್ಚಳ ಸಡಿಲವಾಗಿದ್ದರೆ ರಬ್ಬರ್ ಗ್ಯಾಸ್ಕೆಟ್ ಇರುವ ಒಳ್ಳೆ ಫ್ಲೋರ್ ಬಾಕ್ಸ್ ಹಾಕಿಸಿ, ಆ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ನೋಡಿ, ಸಾಕು. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಡಬ್ಬದ ಮೇಲೆ ಹಾಕಿರುವ ಐಪಿ 44, ಐಪಿ 66 ಅನ್ನುವ ನಂಬರ್ ನೋಡಿ ಮೈಮರೆಯಬಾರದು. ಎಷ್ಟೋ ಪೆಟ್ಟಿಗೆಗಳಿಗೆ ಆ ಲೆಕ್ಕ ಮುಚ್ಚಳ ಹಾಕಿರುವಾಗ ಮಾತ್ರ. ಪ್ಲಗ್ ಚುಚ್ಚಿ ಮುಚ್ಚಳ ತೆರೆದಿರುವಾಗ ಕಾಫಿ ಚೆಲ್ಲಿದರೆ ನಂಬರ್ ಏನೂ ಮಾಡುವುದಿಲ್ಲ.

ನೆಲಮಹಡಿ, ಮಲೆನಾಡು, ಬಕೆಟ್ ನೀರು ಸುರಿದು ತೊಳೆಯುವ ನೆಲ: ಈ ಮೂರರಲ್ಲಿ ಎರಡು ಕೂಡಿದರೂ ನಾನು ಇಟ್ಟುಕೊಳ್ಳಿ ಅನ್ನುವುದಿಲ್ಲ. ಹೋಮ್‌ಸ್ಟೇ ನಡೆಸುವವರಿಗಂತೂ ಖಂಡಿತ ಬೇಡ. ಬಂದವರು ಒದ್ದೆ ಕಾಲಲ್ಲಿ ಓಡಾಡುತ್ತಾರೆ, ಅವರಿಗೆ ಮನೆಯ ಪರಿಚಯ ಇರುವುದಿಲ್ಲ.

ಲೈನ್ ಬಿಡಿಸಿ, ಪ್ಲೇಟ್ ಹಾಕಿ ಬಿಡುವುದು

ಇದು ಕಡಿಮೆ ಖರ್ಚಿನ ದಾರಿ, ನೆಲಕ್ಕೆ ಉಳಿ ತಾಗಿಸುವ ಕೆಲಸವಿಲ್ಲ. ವೈರ್ ಹೊರಟಿರುವ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರನ್ನೂ ಬಿಡಿಸಿ, ಸಾಧ್ಯವಾದರೆ ವೈರನ್ನೇ ಎಳೆದು ತೆಗೆಯುವುದು. ಖಾಲಿ ಪೈಪಿನಲ್ಲಿ ಒಂದು ನೈಲಾನ್ ದಾರ ಬಿಟ್ಟು, ಎರಡೂ ತುದಿಗೆ ಕ್ಯಾಪ್ ಹಾಕಿ, ಮೇಲೆ ಹಿತ್ತಾಳೆ ಅಥವಾ ಸ್ಟೀಲಿನ ಚಪ್ಪಟೆ ಪ್ಲೇಟ್ ಸ್ಕ್ರೂ ಮಾಡುವುದು. ನಾಳೆ ಬೇಕು ಅನ್ನಿಸಿದರೆ ಆ ದಾರ ಹಿಡಿದು ಹೊಸ ವೈರ್ ಎಳೆಯಬಹುದು.

ಬಾಡಿಗೆ ಮನೆಯವರಿಗೆ ಇದನ್ನು ಬಿಟ್ಟು ಬೇರೆ ಯೋಚನೆ ಬೇಡ. ಮಾಲೀಕರಿಗೆ ಒಂದು ಮಾತು ಹೇಳಿ ಮಾಡಿಸಿ. ರೆಡ್ ಆಕ್ಸೈಡ್ ನೆಲದವರಿಗೂ ಇದೇ ವಾಸಿ ಅಂತ ನನ್ನ ಅಭಿಪ್ರಾಯ, ಕಾರಣ ಮುಂದೆ ಹೇಳುತ್ತೇನೆ.

ಕೊರತೆ ಏನಪ್ಪಾ ಅಂದರೆ ಪ್ಲೇಟ್ ಕಣ್ಣಿಗೆ ಕಾಣುತ್ತದೆ, ಕಾಲಿಗೆ ತಣ್ಣಗೆ ತಾಗುತ್ತದೆ. ಸ್ಕ್ರೂ ತಲೆ ನೆಲದ ಮಟ್ಟಕ್ಕಿಂತ ಮೇಲೆ ಇದ್ದರೆ ಒರೆಸುವ ಬಟ್ಟೆ ಸಿಕ್ಕಿಕೊಳ್ಳುತ್ತದೆ. ತಲೆ ಒಳಗೆ ಕೂರುವ ಸ್ಕ್ರೂ ಕೇಳಿ ಹಾಕಿಸಿ.

ಕಿತ್ತು, ನೆಲ ಮುಚ್ಚುವುದು

ಇಲ್ಲಿ ಎಲ್ಲವೂ ನೆಲದ ಮೇಲೆ ನಿಂತಿದೆ.

ವಿಟ್ರಿಫೈಡ್ ಟೈಲ್ಸ್ ಆದರೆ ಮೊದಲು ಅಟ್ಟ ಹುಡುಕಿ. ಮನೆ ಕಟ್ಟಿದಾಗ ಉಳಿದ ನಾಲ್ಕು ಟೈಲ್ಸ್ ಅಲ್ಲಿ ಇದ್ದರೆ ನಿಮ್ಮ ಅದೃಷ್ಟ. ಅಂಗಡಿಯಲ್ಲಿ ಅದೇ ಕಂಪನಿ, ಅದೇ ನಂಬರ್ ಸಿಕ್ಕರೂ ಬೇರೆ ಬ್ಯಾಚ್ ಆದರೆ ಬಣ್ಣ ಒಂಚೂರು ಆಚೀಚೆ ಇರುತ್ತದೆ. ಬಿಸಿಲು ಬಿದ್ದಾಗ ಎದ್ದು ಕಾಣುತ್ತದೆ. ಟೈಲ್ಸ್ ಎಬ್ಬಿಸುವ ಮುಂಚೆ ಸುತ್ತಲಿನ ಗ್ರೌಟ್ ಕೊಯ್ದು ಬಿಡಿಸಿಕೊಳ್ಳಬೇಕು, ಆಮೇಲೆ ನಡುವಿನಿಂದ ಒಡೆಯುತ್ತ ಅಂಚಿಗೆ ಬರಬೇಕು. ಅಂಚಿನಿಂದ ಉಳಿ ಹಾಕಿದರೆ ಪಕ್ಕದ ಟೈಲ್ಸೂ ಚಕ್ಕೆ ಏಳುತ್ತದೆ. ಉಳಿದ ಟೈಲ್ಸ್ ಇಲ್ಲದಿದ್ದರೆ ಹೊಂದಿಸಲು ಒದ್ದಾಡುವ ಬದಲು ಬೇಕಂತಲೇ ಬೇರೆ ಬಣ್ಣದ್ದು ಹಾಕಿ. ಹೆಚ್ಚುಕಮ್ಮಿ ಹೊಂದುವ ಟೈಲ್ಸ್‌ಗಿಂತ ಅದು ಚೆನ್ನಾಗಿ ಕಾಣುತ್ತದೆ.

ಗ್ರಾನೈಟ್ ಆದರೆ ಇಡೀ ಚಪ್ಪಡಿ ಎಬ್ಬಿಸುವ ಯೋಚನೆ ಬಿಡಿ. ಪೆಟ್ಟಿಗೆ ಇದ್ದ ಚೌಕಕ್ಕೆ ಸರಿಯಾಗಿ ಒಂದು ತುಂಡು ಕೊಯ್ಸಿ ಕೂರಿಸಿದರೆ ಆಯಿತು. ಬೂದು ನೆಲಕ್ಕೆ ಕಪ್ಪು ತುಂಡು ಹಾಕಿದರೆ ಮೊದಲೇ ಹಾಗೆ ಮಾಡಿಸಿದ ಹಾಗಿರುತ್ತದೆ.

ರೆಡ್ ಆಕ್ಸೈಡ್ ವಿಷಯಕ್ಕೆ ಬರೋಣ. ಹಾಸನ, ಚಿಕ್ಕಮಗಳೂರು, ಎರಡೂ ಕಡೆಯ ಹಳೆ ಮನೆಗಳಲ್ಲಿ ಕಾಲು ತಾಗಿ ತಾಗಿ ಕನ್ನಡಿಯಾದ ನೆಲ ಇರುತ್ತದಲ್ಲ, ಅದಕ್ಕೆ ತೇಪೆ ಕೂರುವುದಿಲ್ಲ. ಸಿಮೆಂಟು, ಬಣ್ಣ ಎಷ್ಟು ಹದವಾಗಿ ಕಲಸಿದರೂ ಹೊಸ ತುಂಡು ಬೇರೆಯೇ ಕೆಂಪು. ಒಣಗಿದ ಮೇಲೆ ಅಂಚಿನಲ್ಲಿ ಕೂದಲೆಳೆಯ ಬಿರುಕೂ ಬರಬಹುದು. ಅಜ್ಜನ ಕಾಲದ ನೆಲಕ್ಕೆ ಹಾಗೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಹಿತ್ತಾಳೆ ಪ್ಲೇಟ್ ಹಾಕಿ, ಇಲ್ಲವೇ ಕಪ್ಪು ಕಲ್ಲಿನ ಒಂದು ಚೌಕ ಕೂರಿಸಿ. ಎರಡೂ ಆ ಕೆಂಪಿಗೆ ಒಪ್ಪುತ್ತವೆ.

ನೆಲ ಯಾವುದೇ ಇರಲಿ, ಮುಚ್ಚುವ ಮುಂಚೆ ಎರಡು ವಿಷಯದಲ್ಲಿ ರಾಜಿ ಬೇಡ. ಒಂದು, ಜೀವಂತ ವೈರಿನ ಜಾಯಿಂಟ್ ಮೇಲೆ ಸಿಮೆಂಟ್ ಹಾಕಿಸಬೇಡಿ. ಲೂಪ್ ಲೈನ್ ಇದ್ದಾಗ ‘ಟೇಪ್ ಸುತ್ತಿ ಮುಚ್ಚಿಬಿಡೋಣ ಸಾರ್, ಏನಾಗಲ್ಲ’ ಅನ್ನುವವರು ಸಿಗುತ್ತಾರೆ. ಟೇಪಿನ ಅಂಟು ತೇವಕ್ಕೆ ಬಿಡುತ್ತದೆ, ಆಮೇಲೆ ಕೆಟ್ಟ ಜಾಗ ಹುಡುಕಲು ನೆಲವನ್ನೇ ಅಗೆಯಬೇಕು. ಜಾಯಿಂಟ್ ಯಾವಾಗಲೂ ತೆರೆದು ನೋಡುವಂಥ ಪೆಟ್ಟಿಗೆಯಲ್ಲೇ ಇರಬೇಕು. ಲೂಪ್ ಇದ್ದರೆ ಸರಿಯಾದ ದಾರಿ ಎರಡು. ಬಂದ ಪೈಪು, ಹೋದ ಪೈಪು ಎರಡನ್ನೂ ಕಪ್ಲರ್ ಹಾಕಿ ಸೊಲ್ಯೂಷನ್‌ನಿಂದ ಅಂಟಿಸಿ, ಒಳಗೆ ತುಂಡಿಲ್ಲದ ಹೊಸ ವೈರ್ ಎಳೆಯುವುದು. ಅಥವಾ ಮುಂದಿನ ಪ್ಲಗ್‌ಗೆ ಬೇರೆ ಬೋರ್ಡಿನಿಂದ ಲೈನ್ ಕೊಟ್ಟು ಈ ಪೈಪನ್ನು ಪೂರ್ತಿ ಬಿಟ್ಟುಬಿಡುವುದು. ತೇವದ ಮನೆಗೆ ಎರಡನೆಯದೇ ಮೇಲು.

ಇನ್ನೊಂದು, ಗಾರೆಯವರು ಬರುವ ಮುಂಚೆ ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ ಹಾಕಿಸಿ, ಅಂದರೆ ವೈರಿನ ಇನ್ಸುಲೇಷನ್ ಅಳೆಯುವ ಮೀಟರ್. 500 ವೋಲ್ಟ್‌ನಲ್ಲಿ ವೈರಿಗೂ ಅರ್ತಿಗೂ ನಡುವೆ ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಆ ಲೈನ್ ಪಾಸ್ ಅಲ್ಲ. ಹೊಸ ವೈರ್ ಆದರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರಬೇಕು.

ಗೋಡೆಗೆ ತರುವುದು

ಹತ್ತು ಮನೆಯವರು ಕೇಳಿದರೆ ಎಂಟು ಮನೆಗೆ ನಾನು ಹೇಳುವುದು ಇದನ್ನೇ. ನೆಲದ ಪ್ಲಗ್‌ಗೆ ಲೈನ್ ಆಕಾಶದಿಂದ ಬಂದಿಲ್ಲ. ಸಾಮಾನ್ಯವಾಗಿ ಹತ್ತಿರದ ಗೋಡೆಯ ಸ್ವಿಚ್ ಬೋರ್ಡಿನಿಂದಲೇ ಇಳಿದು ಬಂದಿರುತ್ತದೆ. ಹಾಗಿದ್ದರೆ ನೆಲದ ಕಡೆಯ ವೈರ್ ಬಿಡಿಸಿ, ಅದೇ ಬೋರ್ಡಿನ ಕೆಳಗೆ ನೆಲದಿಂದ ಒಂದಡಿ ಎತ್ತರಕ್ಕೆ ಒಂದು ಸಾಕೆಟ್ ಕೂರಿಸಿದರೆ ಮುಗಿಯಿತು. ಗೋಡೆಯಲ್ಲಿ ಒಂದೆರಡು ಅಡಿ ಗ್ರೂವ್ ಹೊಡೆದು ಪ್ಲಾಸ್ಟರ್ ಮಾಡಿದರೆ ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ. ಗೋಡೆಯ ತೇಪೆ ಕಾಣದ ಹಾಗೆ ಮಾಡಬಹುದು, ನೆಲದ ತೇಪೆ ಹಾಗಲ್ಲ.

ಎದುರು ಗೋಡೆಗೇ ಬೇಕು ಅಂದರೆ ಸ್ಕರ್ಟಿಂಗ್ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಓಡಿಸುವುದು ಸರಳ. ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ, ನಿಜ. ಬಾಗಿಲು ಅಡ್ಡ ಬಂದರೆ ಪಟ್ಟಿಯನ್ನು ಚೌಕಟ್ಟಿನ ಮೇಲಿಂದ ಸುತ್ತಿಸಬೇಕು, ಹೊಸ್ತಿಲಿನ ಮೇಲೆ ಹಾಯಿಸುವ ಹಾಗಿಲ್ಲ. ಇಲಿ ಕಾಟ ಇರುವ ತೋಟದ ಮನೆಯಾದರೆ ಪಟ್ಟಿಯ ಬದಲು ಗಟ್ಟಿ ಪೈಪನ್ನೇ ಕ್ಲ್ಯಾಂಪ್ ಹಾಕಿ ಓಡಿಸಿ.

ಆಂಪಿಯರ್ ವಿಷಯವನ್ನು ಈ ಹೊತ್ತಲ್ಲೇ ಸರಿ ಮಾಡಿಕೊಳ್ಳಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ 2000 ವ್ಯಾಟ್‌ನ ರೂಮ್ ಹೀಟರ್ ಹಾಕಿದರೆ ಸುಮಾರು 8.7 ಆಂಪ್ ಎಳೆಯುತ್ತದೆ. 6 ಆಂಪ್‌ನ ಸಾಕೆಟ್ ಅದಕ್ಕೆ ಸಾಲದು. 16 ಆಂಪ್‌ನ ಸಾಕೆಟ್ ಬೇಕು, ವೈರ್ 2.5 ಚದರ ಮಿಲಿಮೀಟರ್‌ಗಿಂತ ಕಡಿಮೆ ಬೇಡ, ಲೈನ್ ನೇರ ಡಿಬಿಯಿಂದ (ಎಂಸಿಬಿಗಳು ಇರುವ ಪೆಟ್ಟಿಗೆ) ಬಂದರೆ ಉತ್ತಮ. ಲೈಟ್ ಫ್ಯಾನಿನ ಬೋರ್ಡಿನಿಂದ 1.5ರ ವೈರಿನಲ್ಲಿ ಎಳೆದು ಅದಕ್ಕೆ 16 ಆಂಪ್ ಸಾಕೆಟ್ ಕೂರಿಸಿ ಕೊಡುವ ಚಾಳಿ ಕೆಲವರಿಗೆ ಇದೆ. ಸಾಕೆಟ್ ದೊಡ್ಡದಾದ ಮಾತ್ರಕ್ಕೆ ವೈರ್ ದಪ್ಪ ಆಗುವುದಿಲ್ಲ ಅಲ್ವಾ?

ನೆಲದಲ್ಲೇ ಬೇರೆ ಜಾಗಕ್ಕೆ

ಇದರಷ್ಟು ಗಲಾಟೆ, ಧೂಳು, ದುಡ್ಡು ಬೇರೆ ಯಾವುದರಲ್ಲೂ ಇಲ್ಲ. ಕೆಲವರಿಗೆ ಬೇರೆ ದಾರಿ ಇರುವುದಿಲ್ಲ. ಅಂಗಡಿಯ ನಡುವಿನ ಕೌಂಟರ್, ಕಚೇರಿಯ ಮೀಟಿಂಗ್ ಟೇಬಲ್, ಟೈಲರಿಂಗ್ ಮಷೀನ್‌ಗಳ ಸಾಲು, ಇವುಗಳಿಗೆ ಗೋಡೆ ಹತ್ತಿರ ಇಲ್ಲ.

ಮೊದಲು ಕೇಳಬೇಕಾದದ್ದು ಆಳ. 25 ಮಿಲಿಮೀಟರ್ ಪೈಪ್ ಹುದುಗಿ, ಅದರ ಮೇಲೆ ಗಾರೆ, ಟೈಲ್ಸ್ ಬರಬೇಕು. ಟೈಲ್ಸ್ ಕೆಳಗೆ ಎರಡಿಂಚು ಗಾರೆ ಹಾಸಿದ್ದರೆ ಜಾಗ ಸಾಕಾಗುತ್ತದೆ. ಹಳೆ ನೆಲದ ಮೇಲೇ ಅಂಟು ಹಾಕಿ ಹೊಸ ಟೈಲ್ಸ್ ಕೂರಿಸಿದ ಮನೆಗಳಲ್ಲಿ ಹೊಸ ಪದರದ ಕೆಳಗೆ ಜಾಗವೇ ಇರುವುದಿಲ್ಲ, ಹಳೆ ನೆಲವನ್ನೂ ಸೀಳಬೇಕು. ನೆಲಮಹಡಿಯಲ್ಲಿ ಕೆಳಗೆ ಕಾಂಕ್ರೀಟ್ ಬೆಡ್ ಇರುತ್ತದೆ, ಸ್ವಲ್ಪ ಕೊರೆದರೂ ನಡೆಯುತ್ತದೆ. ಮಹಡಿಯಲ್ಲಿ ಆರ್‌ಸಿಸಿ ಸ್ಲ್ಯಾಬ್. ಅದಕ್ಕೆ ಗ್ರೂವ್ ಹೊಡೆಯಲು ಬಿಡಲೇಬೇಡಿ. ಸ್ಲ್ಯಾಬ್ ದಪ್ಪವೇ ನಾಲ್ಕೈದು ಇಂಚು, ಅದರಲ್ಲಿ ಕಂಬಿಗಳು ಮೇಲ್ಮೈಗೆ ಹತ್ತಿರ ಇರುತ್ತವೆ. ಕಂಬಿ ಕಾಣುವ ತನಕ ಕೊರೆದರೆ ಸ್ಲ್ಯಾಬಿನ ಬಲವೇ ಕುಗ್ಗುತ್ತದೆ.

ಮಹಡಿಯಾದರೆ ಕೆಳಗಿನಿಂದ ಬರುವುದು ಜಾಣತನ. ಕೆಳಗಿನ ಮನೆಯೂ ನಿಮ್ಮದೇ ಆಗಿದ್ದು ಅಲ್ಲಿ ಫಾಲ್ಸ್ ಸೀಲಿಂಗ್ ಇದ್ದರೆ, ಪೈಪನ್ನು ಅದರ ಮೇಲೆ ಓಡಿಸಿ, ಬೇಕಾದ ಜಾಗದಲ್ಲಿ ಕೋರ್ ಮಷೀನಿನಿಂದ ಒಂದೇ ತೂತು ಕೊರೆದು ಮೇಲಕ್ಕೆ ತರಬಹುದು. ಕಂಬಿ ಎಲ್ಲಿದೆ ಅಂತ ನೋಡಿಕೊಂಡು, ಬೀಮಿನಿಂದ ದೂರ. ಮೇಲಿನ ನೆಲದಲ್ಲಿ ಒಂದು ಟೈಲ್ಸ್ ಮಾತ್ರ ಹಾಳು.

ಹೊಸ ಜಾಗಕ್ಕೆ ಹೋಗುವ ವೈರನ್ನು ಹಳೆ ಪೆಟ್ಟಿಗೆಯಲ್ಲಿ ಗಂಟು ಹಾಕಿ ಮುಂದಕ್ಕೆ ಎಳೆಯುತ್ತೇವೆ ಅಂದರೆ ಒಪ್ಪಬೇಡಿ. ಬೋರ್ಡಿನಿಂದ ಹೊಸ ಪೆಟ್ಟಿಗೆವರೆಗೆ ಒಂದೇ ತುಂಡು ವೈರ್. ಗಂಟು ಇರಲೇಬೇಕು ಅಂದರೆ ಹಳೆ ಪೆಟ್ಟಿಗೆಗೆ ಪ್ಲೇಟ್ ಹಾಕಿ, ತೆರೆಯುವ ಹಾಗೆ ಉಳಿಸಿಕೊಳ್ಳಬೇಕು. ಆಗ ಒಂದು ಪೆಟ್ಟಿಗೆ ತೆಗೆಯಲು ಹೋಗಿ ಎರಡು ಆದವು.

ಎಕ್ಸ್‌ಟೆನ್ಷನ್ ಬೋರ್ಡ್ ಒಂದು ದಾರಿ ಅಲ್ಲವಾ ಅಂತ ಕೇಳಬಹುದು. ಒಂದು ದಿನದ ಫಂಕ್ಷನ್‌ಗೆ ಸರಿ. ಕಾರ್ಪೆಟ್ ಕೆಳಗೆ ವರ್ಷಗಟ್ಟಲೆ ಬಿಡಬೇಡಿ. ಕಾಲಡಿಗೆ ಸಿಕ್ಕಿ ವೈರ್ ಸವೆಯುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ.

ಯಾರು, ಯಾವಾಗ

ಮನೆಯೊಳಗಿನ ವೈರಿಂಗ್ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಬೇಕು ಅನ್ನುವುದು ನಿಯಮ. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಬಲ್ಬು, ಸ್ವಿಚ್ಚು, ಫ್ಯೂಸು ಬದಲಾಯಿಸುವುದು ಬೇರೆ, ಪಾಯಿಂಟ್ ಸರಿಸುವುದು ಬೇರೆ. ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ ಕರೆಂಟ್ ಕೊಡುತ್ತವೆ. ಅವರ ಜವಾಬ್ದಾರಿ ಮೀಟರ್‌ವರೆಗೆ. 1912ಕ್ಕೆ ಫೋನ್ ಮಾಡಿ ನೆಲದ ಪ್ಲಗ್ ನೋಡಿ ಅಂದರೆ ಯಾರೂ ಬರುವುದಿಲ್ಲ. ಮೀಟರ್ ಸುಟ್ಟರೆ, ಸರ್ವೀಸ್ ವೈರ್ ಹೋದರೆ ಆ ನಂಬರ್.

ಎಲೆಕ್ಟ್ರಿಷಿಯನ್ ಮೊದಲು, ಟೈಲ್ಸಿನವರು ಆಮೇಲೆ, ಕೊನೆಗೆ ಮತ್ತೆ ಎಲೆಕ್ಟ್ರಿಷಿಯನ್. ಈ ಕ್ರಮ ತಪ್ಪಿದರೆ ಒಡೆದದ್ದನ್ನೇ ಒಡೆಯಬೇಕು. ಇಬ್ಬರಿಗೂ ಒಂದೇ ದಿನ ಬರಲು ಹೇಳಿದರೆ ಇಬ್ಬರೂ ಬರುವುದಿಲ್ಲ, ಅದು ಬೇರೆ ಮಾತು.

ನೆಲ ಒಡೆಯುವ ಕೆಲಸ ಇದ್ದರೆ ಬೇಸಿಗೆಗೆ ಇಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಹಾಕಿದ ಗಾರೆ ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ, ಆ ತೇವ ಪೈಪಿನೊಳಗೂ ಹೋಗುತ್ತದೆ. ಹಾಸನದವರು ಹಾಸನಾಂಬೆ ಬಾಗಿಲು ತೆರೆಯುವ ಹೊತ್ತಿಗೆ ಹಾಲ್ ಅಗೆದಿಟ್ಟುಕೊಳ್ಳಬೇಡಿ. ದರ್ಶನಕ್ಕೆ ಬರುವ ನೆಂಟರು ಫೋನ್ ಮಾಡಿ ಬರುವವರಲ್ಲ. ತೋಟದ ಮನೆಯವರಿಗೆ ಕಾಫಿ ಕೊಯ್ಲಿನ ದಿನಗಳೂ ಆಗುವುದಿಲ್ಲ. ಎರಡನ್ನೂ ಬಿಟ್ಟರೆ ಉಳಿಯುವುದು ಮಾರ್ಚ್, ಏಪ್ರಿಲ್.

ಮುಚ್ಚುವ ಮುಂಚೆ ಪೈಪ್ ಕಾಣುವ ಹಾಗೆ, ಪಕ್ಕದಲ್ಲಿ ಟೇಪ್ ಹಿಡಿದು, ಎರಡು ಗೋಡೆಗಳಿಂದ ಅಳತೆ ಬರುವಂತೆ ಫೋಟೊ ತೆಗೆಯಿರಿ. ಮೊಬೈಲ್ ಬದಲಾದಾಗ ಫೋಟೊ ಹೋಗುತ್ತದೆ. ಒಂದು ಪ್ರಿಂಟ್ ತೆಗೆಸಿ ಡಿಬಿ ಬಾಗಿಲಿನ ಒಳಗೆ ಅಂಟಿಸಿ, ಬಿಡಿಸಿದ ಲೈನ್ ಯಾವುದು ಅಂತ ಅದರ ಮೇಲೆ ಬರೆದಿಡಿ. ಮುಂದೆ ಬರುವ ಎಲೆಕ್ಟ್ರಿಷಿಯನ್ ‘ಇದ್ಯಾಕೆ ಸುಮ್ನೆ ಬಿಟ್ಟಿದ್ದಾರೆ’ ಅಂತ ಆ ವೈರನ್ನು ಮತ್ತೆ ಎಂಸಿಬಿಗೆ ಸಿಕ್ಕಿಸದಿರಲಿ.